ಸಿದ್ಧಾಂತಕ್ಕೊಂದು ಒರೆಗಲ್ಲು

ಚಿನ್ನದ ಶುದ್ಧಿಯನ್ನು ಒರೆಗಲ್ಲು ತೋರಿಸಿಕೊಡುವಂತೆ ವಿಜ್ಞಾನದ ಸಿದ್ಧಾಂತವೊಂದರ ಬೆಲೆಯನ್ನು ವೀಕ್ಷಣೆ ತೋರಿಸಿಕೊಡುತ್ತದೆ. ಗುರುತ್ವಾಕರ್ಷಣೆಯ ಚರಿತ್ರೆಯಲ್ಲಿ ಇದಕ್ಕೊಂದು ಒಳ್ಳೆಯ ನಿದರ್ಶನವಿದೆ.

ದ್ರವ್ಯವು ತನ್ನ ಸುತ್ತಲಿನ ದೇಶ-ಕಾಲಗಳನ್ನು ಬಾಗಿಸುತ್ತದೆ. ಆ ಬಾಗುವಿಕೆಯೇ ಗುರುತ್ವವೆಂದು ಐನ್‌ಸ್ಟೈನರು 1915ರಲ್ಲಿ ಪ್ರತಿಪಾದಿಸಿದರು. 1961ರಲ್ಲಿ ಅಮೆರಿಕದ ಬ್ರಾನ್ಸ್ ಮತ್ತು ಡಿಕಿ ಎಂಬ ವಿಜ್ಞಾನಿಗಳು ಬೇರೊಂದು ಸಿದ್ಧಾಂತವನ್ನು ಮುಂದಿಟ್ಟರು. ಗುರುತ್ವದ ಪ್ರಾಬಲ್ಯವು ಎಂದೆಂದಿಗೂ ಸ್ಥಿರವಾದುದಲ್ಲ, ವಿಶ್ವದಲ್ಲಿ ಹರಡಿರುವ ದ್ರವ್ಯವೇ ಅದನ್ನು ನಿರ್ಧರಿಸುತ್ತದೆ ಎಂಬುದು ಅವರ ವಾದ.

ಇವೆರಡರಲ್ಲಿ ಯಾವುದು ದಿಟ? ಸೂರ್ಯನ ಬಳಿಯ ಗುರುತ್ವಕ್ಷೇತ್ರ ದುರ್ಬಲವಾದುದರಿಂದ ಎರಡರ ಉತ್ತರಗಳೂ ಬಹುಮಟ್ಟಿಗೆ ಒಂದೇ. ಆದರೆ ಸೂರ್ಯನ ಅಂಚನ್ನು ಸವರಿ ಬರುವ ಬೆಳಕು 1.75 ಕೋನ ಸೆಕೆಂಡುಗಳಷ್ಟು ಬಾಗಬೇಕೆಂದು ಐನ್‌ಸ್ಟೈನರ ಗಣಿತ ಹೇಳಿದರೆ, ಹೊಸ ಗಣಿತ ತುಸು ಕಡಿಮೆ ಹೇಳಿತು. ಎಷ್ಟು ಕಡಿಮೆ ಎಂಬುದು ಆ ಸಿದ್ಧಾಂತದಲ್ಲಿರುವ ಒಂದು ಸಂಖ್ಯೆಯನ್ನು ಅವಲಂಬಿಸಿದೆ. ಅದು 6 ಆದರೆ ವ್ಯತ್ಯಾಸ ಸುಮಾರು ಶೇಕಡಾ 6. ಸಂಖ್ಯೆ ಹಿಗ್ಗಿದಂತೆ ವ್ಯತ್ಯಾಸ ಕುಗ್ಗುತ್ತದೆ.

2002ರಲ್ಲಿ ಶನಿಗ್ರಹದತ್ತ ಸಾಗುತ್ತಿದ್ದ ಕ್ಯಾಸಿನಿ ನೌಕೆಗೂ ಭೂಮಿಗೂ ನಡುವೆ ಸೂರ್ಯನು ಬಂದನು. ಆಗ ಸೂರ್ಯನ ಸಮೀಪದಲ್ಲಿ ಹಾದುಬಂದ ರೇಡಿಯೊ ಅಲೆಗಳ ಆವರ್ತಾಂಕದಲ್ಲಿ ಉಂಟಾದ ಬದಲಾವಣೆಯನ್ನು ಅಳೆಯಲಾಯಿತು. ಅದು ಐನ್‌ಸ್ಟೈನರ ಲೆಕ್ಕಕ್ಕೆ ಲಕ್ಷದಲ್ಲಿ ಕೆಲವೇ ಭಾಗಗಳ ನಿಖರತೆಯಿಂದ ಹೊಂದಿಕೊಂಡಿತು. ಎಂದರೆ ಆ ಸಂಖ್ಯೆ 40,000ಕ್ಕಾದರೂ ಸಮೀಪವಿರಬೇಕು, ಇಲ್ಲವೇ ಅದಕ್ಕೂ ಮಿಗಿಲಾಗಿರಬೇಕು! ಹಾಗಾದರೆ ಸೌರವ್ಯೂಹದಲ್ಲಿ ಎರಡು ಸಿದ್ಧಾಂತಗಳಿಗೂ ಭೇದವೇ ಕಾಣದು.

ಹಾಗೆಂದು ಬ್ರಾನ್ಸ್ ಮತ್ತು ಡಿಕಿಯವರ ಶ್ರಮ ವ್ಯರ್ಥವಾಗಲಿಲ್ಲ. ಪ್ರತಿಸ್ಪರ್ಧಿಯೊಂದು ಇದ್ದಾಗಲೇ ಏನನ್ನು, ಎಷ್ಟು ಸೂಕ್ಷ್ಮವಾಗಿ ಅಳೆಯಬೇಕೆಂಬುದು ಸ್ಪಷ್ಟವಾಗುತ್ತದೆ. ಸಿದ್ಧಾಂತವು ನಿಲ್ಲುವುದು ಅದನ್ನು ಹೇಳಿದವರ ಹಿರಿಮೆಯಿಂದಲ್ಲ, ಅಳತೆಯ ಆಧಾರದಿಂದ.