ಕುಮಾರ ಪರ್ವತದ ಕಲ್ಲು ಮಂಟಪ

ಲಾಲ್‌ಬಾಗಿನ ಬಂಡೆ ಮೇಲಿರುವ ಕೆಂಪೇಗೌಡರ ಗೋಪುರದ ಮಂಟಪವನ್ನು ನೀವೆಲ್ಲಾ ನೋಡಿರುತ್ತೀರಿ. ಅಲ್ಲಿ ಮಳೆ ಬಂದರೆ ಜಯನಗರದ ಕಡೆ ಓಡಿ ಬಸ್ಸು ಹತ್ತಬಹುದು. ಓಡಲು ಊರೇ ಇಲ್ಲದ ಕಾಡಿನಲ್ಲಿ ಮಳೆ ಹಿಡಿದುಕೊಂಡರೆ? ಅಂಥ ಕಡೆ ಇರುವ ಒಂದು ಹಳೇ ಮಂಟಪದ ಬಗ್ಗೆ ತಿಳಿಯೋಣ.

ಎಲ್ಲಿದೆ?
ದಕ್ಷಿಣ ಕನ್ನಡ ಮತ್ತು ಕೊಡಗು ಸೇರುವ ಕಡೆ ಕುಮಾರ ಪರ್ವತವಿದೆ. ಪುಷ್ಪಗಿರಿ ಎಂದೂ ಹೆಸರು. ಎತ್ತರ 1712 ಮೀಟರ್. ಕುಕ್ಕೆ ಸುಬ್ರಹ್ಮಣ್ಯದಿಂದ ತುದಿಗೆ ಸುಮಾರು 13 ಕಿ.ಮೀ. ನಡಿಗೆ. ಅರ್ಧ ದಾರಿಗೆ ಗಿರಿಗದ್ದೆಯ ಭಟ್ಟರ ಮನೆ. ಎಷ್ಟೋ ವರ್ಷದಿಂದ ಹತ್ತುವವರಿಗೆ ಅನ್ನ, ಸಾರು ಬಡಿಸಿದ ಮನೆ ಅದು. ಅದನ್ನು ದಾಟಿದರೆ ಮುಂದೆ ಮನೆಯೇ ಇಲ್ಲ. ಹುಲ್ಲಿನ ಗುಡ್ಡ, ಕಣಿವೆಯಲ್ಲಿ ಶೋಲಾ ಕಾಡು. ಅಲ್ಲಿ ಸಿಗುವುದೇ ಕಲ್ಲು ಮಂಟಪ.

ಹೇಗಿದೆ?
ನಾಲ್ಕು ಕಂಬ, ಮೇಲೆ ಕಲ್ಲು ಚಪ್ಪಡಿ, ಅಷ್ಟೇ. ಗೋಡೆ ಇಲ್ಲ, ಬಾಗಿಲಿಲ್ಲ, ಬೀಗವಂತೂ ಇಲ್ಲವೇ ಇಲ್ಲ. ಹತ್ತಿರದಲ್ಲೇ ಒಂದು ತೊರೆ ಇದೆ. ಬೇಸಿಗೆಯಲ್ಲಿ ಅದು ಸೊರಗುತ್ತದೆ. ನೆರಳು, ನೀರು ಎರಡೂ ಒಂದೇ ಕಡೆ ಸಿಗುವುದರಿಂದ ಎಲ್ಲರೂ ಅಲ್ಲೇ ಕೂರುತ್ತಾರೆ. ಮಲೆನಾಡಿನ ಮಳೆಗೆ ಮರ ಕೊಳೆಯುತ್ತದೆ, ಹುಲ್ಲಿನ ಮಾಡು ಗಾಳಿಗೆ ಹಾರುತ್ತದೆ. ಕಲ್ಲು ಹಾಗಲ್ಲ, ನಿಂತುಕೊಳ್ಳುತ್ತದೆ.

ಯಾಕೆ ಬೇಕು?
1000 ಮೀಟರ್ ಮೇಲೇರಿದರೆ ಉಷ್ಣಾಂಶ ಸುಮಾರು 6 ಡಿಗ್ರಿ ಇಳಿಯುತ್ತದೆ. ಕುಕ್ಕೆಯಿಂದ ತುದಿಗೆ ಏರು ಒಂದೂವರೆ ಸಾವಿರ ಮೀಟರಿಗೂ ಹೆಚ್ಚು. ಅಂದರೆ ಕೆಳಗೆ ಬೆವರಿದವನು ಮೇಲೆ ನಡುಗುತ್ತಾನೆ. ಬಟ್ಟೆ ನೆಂದು ಗಾಳಿಯೂ ಬೀಸಿದರೆ ಮೈಬಿಸಿ ಬೇಗ ಇಳಿದು ಜೀವಕ್ಕೇ ಅಪಾಯ. ತಲೆ ಮೇಲೊಂದು ಚಪ್ಪಡಿ ಇದ್ದರೆ ಒಣಬಟ್ಟೆ ಹಾಕಿಕೊಳ್ಳಲು, ಹಿಂದೆ ಉಳಿದವರನ್ನು ಕಾಯಲು ಆಗುತ್ತದೆ. 2019ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಯುವಕನೊಬ್ಬ ಇದೇ ಬೆಟ್ಟದಲ್ಲಿ ತಂಡದಿಂದ ಬೇರೆಯಾಗಿ ದಾರಿ ತಪ್ಪಿದ. ಎರಡು ದಿನ ಅಲೆದು, ಕೊನೆಗೆ ನೀರಿನ ಪೈಪು ಕಂಡು ಅದರ ಗುಂಟವೇ ನಡೆದು ಊರು ಸೇರಿದ. ಒಬ್ಬರನ್ನೊಬ್ಬರು ಕಾಯುವುದು ಎಷ್ಟು ಮುಖ್ಯ ನೋಡಿ.

ನೆನಪಿಡಿ
1. ಮಂಟಪ ಮಳೆಗೆ ಆಸರೆ, ಸಿಡಿಲಿಗಲ್ಲ. ಗೋಡೆಯಿಲ್ಲದ ಕಟ್ಟಡ ಸಿಡಿಲಿನಿಂದ ಕಾಪಾಡದು. ಗುಡುಗು ಕೇಳಿದ ಕೂಡಲೇ ಬೋಳುಗುಡ್ಡ ಬಿಟ್ಟು ಕೆಳಗಿಳಿಯಬೇಕು. ಒಂಟಿ ಮರದ ಕೆಳಗೂ ನಿಲ್ಲಬಾರದು.
2. ಬೆಂಕಿ ಹಾಕಬಾರದು. ಒಣಹುಲ್ಲಿಗೆ ಒಂದು ಕಿಡಿ ಸಾಕು, ಗುಡ್ಡವೇ ಉರಿಯುತ್ತದೆ.
3. ಹೆಸರು ಕೆತ್ತಬಾರದು, ಪ್ಲಾಸ್ಟಿಕ್ ಬಿಡಬಾರದು.
4. ಅಪ್ಪಣೆ ಇಲ್ಲದೆ ಹತ್ತಬಾರದು. 2024ರಲ್ಲಿ ಜನ ಮಿತಿಮೀರಿ ನುಗ್ಗಿದ್ದರಿಂದ ಅರಣ್ಯ ಇಲಾಖೆ ಚಾರಣವನ್ನೇ ಕೆಲಕಾಲ ನಿಲ್ಲಿಸಿ, ಮುಂಚೆಯೇ ಹೆಸರು ಕಾದಿರಿಸುವ ನಿಯಮ ತಂದಿತು.

ಬೀಗವಿಲ್ಲದ ಮನೆಗೆ ಬಂದವರೇ ಯಜಮಾನರು. ನಾವು ಎದ್ದ ಮೇಲೆ ನೆಂದುಕೊಂಡು ಬರುವವರು ಇನ್ಯಾರೋ. ಅವರಿಗೆ ಕೂರಲು ಜಾಗ ಚೊಕ್ಕಟವಾಗಿರಲಿ.

ಪ್ರಶ್ನೆ: ನಮ್ಮೂರ ಸುತ್ತ ದಾರಿಹೋಕರಿಗೆಂದು ಕಟ್ಟಿದ ಮಂಟಪ, ಅರವಟ್ಟಿಗೆ, ಕಟ್ಟೆ ಎಷ್ಟಿವೆ? ಹಿರಿಯರನ್ನು ಕೇಳಿ ಬರೆದು ತನ್ನಿ.