ಗೃಹ ಸ್ವಯಂಚಾಲನೆ: ಕೊಳ್ಳುವುದೋ, ಕಟ್ಟಿಕೊಳ್ಳುವುದೋ?

ದೀಪ, ಫ್ಯಾನು, ನೀರೆತ್ತುವ ಮೋಟಾರು, ಬಾಗಿಲ ಬೀಗ ಮೊದಲಾದವುಗಳನ್ನು ತಾವಾಗಿಯೇ ನಡೆಯುವಂತೆ ಅಥವಾ ದೂರದಿಂದ ನಿಯಂತ್ರಿಸುವಂತೆ ಜೋಡಿಸುವುದೇ ಗೃಹ ಸ್ವಯಂಚಾಲನೆ. ಈ ಕಲ್ಪನೆ ಹೊಸದಲ್ಲ. ಮನೆಯ ವಿದ್ಯುತ್ ತಂತಿಯ ಮೂಲಕವೇ ಸಂಕೇತ ಕಳುಹಿಸುವ ಎಕ್ಸ್-10 ಪದ್ಧತಿಯನ್ನು ಸ್ಕಾಟ್ಲೆಂಡಿನ ಪಿಕೋ ಎಲೆಕ್ಟ್ರಾನಿಕ್ಸ್ ಸಂಸ್ಥೆಯು 1975ರಲ್ಲಿಯೇ ರೂಪಿಸಿತ್ತು. ಇಂದು ಸಿದ್ಧ ವ್ಯವಸ್ಥೆಗಳೂ ದೊರೆಯುತ್ತವೆ, ಬಿಡಿಭಾಗಗಳೂ ದೊರೆಯುತ್ತವೆ. ಇವೆರಡರಲ್ಲಿ ಯಾವುದು ಹಿತವೆಂದು ನಿರ್ಧರಿಸುವಾಗ ಬೆಲೆಗಿಂತ ಮೊದಲು ಹಿಡಿತ ಯಾರ ಕೈಯಲ್ಲಿರುತ್ತದೆ ಎಂಬುದನ್ನು ನೋಡಬೇಕು.

ಕೊಂಡ ವಸ್ತು ನಮ್ಮದೇ?

ಅನೇಕ ಸಿದ್ಧ ವ್ಯವಸ್ಥೆಗಳಲ್ಲಿ ಉಪಕರಣ ನಮ್ಮ ಮನೆಯಲ್ಲಿದ್ದರೂ ಅದರ ಆಜ್ಞೆಗಳು ತಯಾರಕರ ಸರ್ವರ್ ಮೂಲಕವೇ ಬರುತ್ತವೆ. ಅಮೆರಿಕದ ರಿವಾಲ್ವ್ ಎಂಬ ಸಂಸ್ಥೆಯನ್ನು ಗೂಗಲ್ ಒಡೆತನದ ನೆಸ್ಟ್ 2014ರಲ್ಲಿ ಕೊಂಡಿತು; 2016ರಲ್ಲಿ ಸೇವೆ ನಿಂತಾಗ ಸುಮಾರು 300 ಡಾಲರ್ ಕೊಟ್ಟು ಕೊಂಡಿದ್ದ ನಿಯಂತ್ರಕವು ನಿರುಪಯುಕ್ತವಾಯಿತು. 2022ರ ಏಪ್ರಿಲ್‌ನಲ್ಲಿ ಇನ್‌ಸ್ಟಿಯಾನ್ ಸಂಸ್ಥೆಯ ಸರ್ವರ್‌ಗಳು ಮುನ್ಸೂಚನೆಯಿಲ್ಲದೆ ಸ್ಥಗಿತಗೊಂಡು, ಗ್ರಾಹಕರಿಗೆ ಮೊಬೈಲ್ ಮೂಲಕದ ನಿಯಂತ್ರಣ ತಪ್ಪಿಹೋಯಿತು. ಎರಡೂ ಪ್ರಸಂಗಗಳಲ್ಲಿ ಉಪಕರಣ ಕೆಟ್ಟಿರಲಿಲ್ಲ. ಅದನ್ನು ನಡೆಸುವವರು ಹಿಂದೆ ಸರಿದಿದ್ದರು.

ಕಟ್ಟುವ ಬಗೆ

ಸ್ವಂತ ವ್ಯವಸ್ಥೆಗೆ ಮುಖ್ಯವಾಗಿ ಮೂರು ಅಂಗಗಳು ಬೇಕು.

1. ಮೆದುಳು: 2012ರಲ್ಲಿ ಬಂದ ರಾಸ್ಪ್‌ಬೆರಿ ಪೈ ಮಾದರಿಯ ಪುಟ್ಟ ಗಣಕ ಅಥವಾ ಬಳಕೆಯಲ್ಲಿಲ್ಲದ ಹಳೆಯ ಗಣಕ. ಇದರಲ್ಲಿ 2013ರಿಂದ ಬೆಳೆದುಬಂದಿರುವ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶವನ್ನು ಉಚಿತವಾಗಿ ಅಳವಡಿಸಬಹುದು.

2. ನರಮಂಡಲ: ಎಂಕ್ಯೂಟಿಟಿ ಎಂಬ ಸಂದೇಶ ಪದ್ಧತಿ. ಇದನ್ನು 1999ರಲ್ಲಿ ತೈಲ ಕೊಳವೆ ಮಾರ್ಗಗಳ ನಿಗಾವಣೆಗಾಗಿ ರೂಪಿಸಲಾಯಿತು.

3. ಕೈಗಳು: ಇಎಸ್‌ಪಿ8266ರಂತಹ ವೈ-ಫೈ ಚಿಪ್, ರಿಲೇ ಮತ್ತು ಸಂವೇದಕಗಳು.

ಒಂದು ಉದಾಹರಣೆ

ಸಂಪಿನಿಂದ ಮೇಲಿನ ಟ್ಯಾಂಕಿಗೆ ನೀರೆತ್ತುವ ಕೆಲಸವನ್ನೇ ತೆಗೆದುಕೊಳ್ಳೋಣ. ಸಂಪಿನಲ್ಲೊಂದು, ಟ್ಯಾಂಕಿನಲ್ಲೊಂದು ಫ್ಲೋಟ್ ಸ್ವಿಚ್ ಇರಲಿ. ಟ್ಯಾಂಕು ಬರಿದಾಗಿ ಸಂಪಿನಲ್ಲಿ ನೀರಿದ್ದರೆ ಮಾತ್ರ ಮೋಟಾರು ಆರಂಭವಾಗಬೇಕು. ಟ್ಯಾಂಕು ತುಂಬಿದರೆ ಅಥವಾ ಸಂಪು ಬರಿದಾದರೆ ನಿಲ್ಲಬೇಕು. ಸಾಮಾನ್ಯವಾಗಿ 30 ನಿಮಿಷದಲ್ಲಿ ತುಂಬುವ ಟ್ಯಾಂಕು 40 ನಿಮಿಷವಾದರೂ ತುಂಬದಿದ್ದರೆ, ಎಲ್ಲೋ ದೋಷವಿದೆಯೆಂದು ತಿಳಿದು ಮೋಟಾರನ್ನು ನಿಲ್ಲಿಸುವ ನಿಯಮವನ್ನೂ ಸೇರಿಸಬಹುದು.

ಇಲ್ಲಿ ಹೊಸಬರು ಎಡವುವ ಸ್ಥಳವೊಂದಿದೆ. ಒಂದು ಅಶ್ವಶಕ್ತಿಯೆಂದರೆ 746 ವ್ಯಾಟ್. ಆದರೆ ಮೋಟಾರು ಆರಂಭವಾಗುವ ಕ್ಷಣದಲ್ಲಿ ಎಳೆಯುವ ವಿದ್ಯುತ್ತು ಓಡುವಾಗಿನದಕ್ಕಿಂತ ಹಲವು ಪಟ್ಟು ಹೆಚ್ಚು. ಆದ್ದರಿಂದ ಪುಟ್ಟ ರಿಲೇಗೆ ಮೋಟಾರನ್ನು ನೇರವಾಗಿ ಜೋಡಿಸಿದರೆ ಅದರ ಸಂಪರ್ಕಬಿಂದುಗಳು ಬೆಸೆದುಕೊಂಡು ಮೋಟಾರು ನಿಲ್ಲದೇ ಹೋಗಬಹುದು. ರಿಲೇ ಕೇವಲ ಕಾಂಟ್ಯಾಕ್ಟರಿನ ಕಾಯಿಲ್‌ಗೆ ವಿದ್ಯುತ್ ಕೊಡಬೇಕು. ಮೋಟಾರಿನ ಹೊರೆಯನ್ನು ಕಾಂಟ್ಯಾಕ್ಟರ್ ಹೊರಬೇಕು. ಗಣಕ ಕೈಕೊಟ್ಟರೂ ಮೋಟಾರು ನಿಲ್ಲುವಂತೆ ಫ್ಲೋಟ್ ಸ್ವಿಚ್‌ಗಳನ್ನು ಆ ಕಾಯಿಲ್‌ನ ಸರಣಿಯಲ್ಲಿಯೇ ತಂತಿಯಿಂದ ಸೇರಿಸಬೇಕು. 230 ವೋಲ್ಟಿನ ಈ ಕೆಲಸವನ್ನು ಪರವಾನಗಿ ಪಡೆದ ವಿದ್ಯುತ್ ತಜ್ಞರಿಂದಲೇ ಮಾಡಿಸುವುದು ಕ್ಷೇಮ.

ಲೆಕ್ಕಕ್ಕೆ ಬಾರದ ವೆಚ್ಚ

ಸ್ವಂತ ವ್ಯವಸ್ಥೆ ಅಗ್ಗವೆನ್ನುವವರು ತಮ್ಮ ಸಮಯಕ್ಕೆ ಬೆಲೆ ಕಟ್ಟಿರುವುದಿಲ್ಲ. ಹಠಾತ್ ವಿದ್ಯುತ್ ಕಡಿತದಿಂದ ಮೆಮೊರಿ ಕಾರ್ಡ್ ಕೆಡಬಹುದು. ಯುಪಿಎಸ್ ಮತ್ತು ನಿಯಮಿತ ಪ್ರತಿ ಉಳಿಸುವಿಕೆ ಅಗತ್ಯ. ಕಟ್ಟಿದವರು ಊರಲ್ಲಿಲ್ಲದಾಗ ಮನೆಯವರು ಕತ್ತಲಲ್ಲಿ ಕೂರುವಂತಾಗಬಾರದು. ಆದುದರಿಂದ ಮಾಮೂಲಿ ಸ್ವಿಚ್‌ಗಳನ್ನು ಉಳಿಸಿಕೊಂಡು, ಜೋಡಣೆಯ ನಕ್ಷೆಯನ್ನು ಬರೆದು ಸ್ವಿಚ್ ಬೋರ್ಡಿನ ಬಳಿ ಇಡಬೇಕು. ಒಬ್ಬನೇ ನೌಕರನ ತಲೆಯಲ್ಲಿ ಎಲ್ಲ ವಿವರವೂ ಇರುವ ಕಾರ್ಖಾನೆಗೂ ಇದೇ ಮಾತು ಅನ್ವಯಿಸುತ್ತದೆ.

ಮಧ್ಯಮ ಮಾರ್ಗ

ಪ್ರಮಾಣೀಕೃತ ಉಪಕರಣಗಳನ್ನು ಕೊಂಡು, ಅವುಗಳನ್ನು ನಡೆಸುವ ಮೆದುಳನ್ನು ಮಾತ್ರ ಸ್ವಂತವಾಗಿ ಇಟ್ಟುಕೊಳ್ಳುವುದು ಹೆಚ್ಚಿನವರಿಗೆ ಲೇಸು. ಕೊಳ್ಳುವ ಮುನ್ನ ಮೂರು ಪ್ರಶ್ನೆಗಳನ್ನು ಕೇಳಿರಿ: ಅಂತರಜಾಲವಿಲ್ಲದೆ ಇದು ನಡೆಯುವುದೇ? ತಯಾರಕರು ಬಾಗಿಲು ಮುಚ್ಚಿದರೆ ಗತಿಯೇನು? ಜಿಗ್‌ಬಿ ಅಥವಾ 2022ರಲ್ಲಿ ಪ್ರಕಟವಾದ ಮ್ಯಾಟರ್‌ನಂತಹ ಸಾಮಾನ್ಯ ಮಾನಕಕ್ಕೆ ಇದು ಹೊಂದುವುದೇ? ಇಂತಹ ಉಪಕರಣಗಳನ್ನು ತಯಾರಿಸುವ, ಮಾರುವ ಸದಸ್ಯರೂ ಈ ಪ್ರಶ್ನೆಗಳಿಗೆ ಉತ್ತರ ಸಿದ್ಧಪಡಿಸಿಕೊಳ್ಳುವುದು ಒಳಿತು. ತಿಳಿದ ಗ್ರಾಹಕ ಮೊದಲು ಕೇಳುವುದು ಇವನ್ನೇ.