ಹಿರಿಯರು ಮೊದಲು ಹೊರಡುವ ಓಟ

ಸ್ಯಾನ್ ಫ್ರಾನ್ಸಿಸ್ಕೋದಿಂದ ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ಮಿಲ್ ವ್ಯಾಲಿ ಎಂಬ ಪುಟ್ಟ ಊರು. ಅಲ್ಲಿಂದ ಟಮಲ್ಪಾಯಸ್ ಬೆಟ್ಟದ ಮಗ್ಗುಲು ಹತ್ತಿಳಿದು ಪೆಸಿಫಿಕ್ ಸಾಗರದಂಚಿನ ಸ್ಟಿನ್ಸನ್ ಬೀಚ್ ಸೇರುವ ಓಟದ ಹೆಸರು ಡಿಪ್ಸೀ. ದೂರ 12 ಕಿ.ಮೀ.ಗೆ ತುಸು ಕಡಿಮೆ, ಒಟ್ಟು ಏರು ಸುಮಾರು 670 ಮೀಟರ್. 1905ರಲ್ಲಿ ಶುರುವಾದ ಇದು ಅಮೆರಿಕದ ಅತಿ ಹಳೆಯ ಟ್ರೇಲ್ ಓಟ. ಬೇ ಏರಿಯಾದ ಕನ್ನಡಿಗರು ಊರಿಂದ ಬಂದ ನೆಂಟರನ್ನು ಮ್ಯೂರ್ ವುಡ್ಸ್ ತೋರಿಸಲು ಕರೆದೊಯ್ಯುತ್ತೇವಲ್ಲ, ಅದೇ ಕಾಡನ್ನು ಹಾದು ಈ ದಾರಿ ಹೋಗುತ್ತದೆ.

ಇಲ್ಲಿ ಎಲ್ಲರೂ ಒಟ್ಟಿಗೆ ಹೊರಡುವುದಿಲ್ಲ. ವಯಸ್ಸು ನೋಡಿ, ಹೆಣ್ಣು-ಗಂಡು ನೋಡಿ ಗುಂಪು ಮಾಡುತ್ತಾರೆ. ತೀರ ಹಿರಿಯರು, ತೀರ ಚಿಕ್ಕವರು ಮೊದಲು. ಆಮೇಲೆ ನಿಮಿಷಕ್ಕೊಂದು ಗುಂಪು. ಇಪ್ಪತ್ತರ ಹರೆಯದ ಗಂಡಸರು ಕೊನೆಗೆ. ಆದರೆ ಗೆಲುವು ಒಂದೇ: ಯಾವ ಗುಂಪಿನವರಾದರೂ ಗುರಿಯನ್ನು ಮೊದಲು ಮುಟ್ಟಿದವರೇ ಗೆದ್ದಂತೆ. ಜ್ಯಾಕ್ ಕರ್ಕ್ ಎಂಬಾತ 1951ರಲ್ಲಿ ಗೆದ್ದು, ಮತ್ತೆ 1967ರಲ್ಲಿ, ಅರವತ್ತು ಮುಟ್ಟಿದಾಗ ಗೆದ್ದರು. 1973ರಲ್ಲಿ ಗೆದ್ದ ಮೇರಿ ಎಟಾ ಬೋಯ್ಟಾನೋಗೆ 10 ವರ್ಷ. ಹೆಂಗಸರಿಗೆ ಅಧಿಕೃತ ಪ್ರವೇಶ ಸಿಕ್ಕಿದ್ದೇ 1971ರಲ್ಲಿ ಎಂಬುದನ್ನು ನೆನೆದರೆ ಆ ಹುಡುಗಿಯ ಗೆಲುವಿನ ತೂಕ ತಿಳಿಯುತ್ತದೆ.

ಐವತ್ತು ದಾಟಿದ ನನಗೂ ಕೆಲವು ನಿಮಿಷಗಳ ಮುನ್ನಡೆ ಸಿಗುತ್ತದೆ. ಅದು ರಿಯಾಯಿತಿಯೇನೋ ಎಂಬ ಅಳುಕು ಮೊದಲ ಮೆಟ್ಟಿಲಲ್ಲೇ ಹೋಯಿತು. ಊರು ಮುಗಿಯುವ ಮೊದಲೇ ಮೂರು ಸಾಲಿನಲ್ಲಿ 600ಕ್ಕೂ ಹೆಚ್ಚು ಮೆಟ್ಟಿಲುಗಳು. ಅಲ್ಲಿ ಯಾರೂ ಓಡುವುದಿಲ್ಲವೆಂದೇ ಹೇಳಬೇಕು. ಅಂಗೈಯನ್ನು ಮಂಡಿಯ ಮೇಲ್ಗಡೆ ಊರಿ, ತೊಡೆಯನ್ನು ಕೆಳಕ್ಕೆ ಒತ್ತುತ್ತ, ಒಂದೇ ಲಯದಲ್ಲಿ ಹತ್ತಬೇಕು. ನಾಲ್ಕು ಮೆಟ್ಟಿಲು ಓಡಿ ಮತ್ತೆ ಮತ್ತೆ ನಿಲ್ಲುವವರಿಗಿಂತ ಹೀಗೆ ನಡೆಯುವವರೇ ಮುಂದಾಗುತ್ತಾರೆ. ಮುಂದಿನ ದೊಡ್ಡ ಏರಿನ ತುದಿಗೆ ಕಾರ್ಡಿಯಾಕ್ ಎಂದು ಹೆಸರು, ಎದೆಬಡಿತವೇ ಅಲ್ಲಿನ ಲೆಕ್ಕ. ಬೆಳ್ಳಿಗೂದಲಿನ ಒಬ್ಬಾಕೆ ಆ ಏರಿನಲ್ಲಿ ಸೊಂಟ ಬಾಗಿಸಿ, ಮೂಗಿನಲ್ಲೇ ಉಸಿರಾಡುತ್ತ ಸಾಗುತ್ತಿದ್ದರು. “ಎಡಕ್ಕೆ ಬರ್ತಿದ್ದೀನಿ” ಎಂದೆ. ತಿರುಗಿ ನೋಡದೆ ಬಲಕ್ಕೆ ಸರಿದು, “ಹೋಗು, ಇಳಿಜಾರಿನಲ್ಲಿ ಸಿಗ್ತೀನಿ” ಎಂದರು. ಸಿಕ್ಕರು ಕೂಡ. ನನ್ನನ್ನು ದಾಟಿಯೂ ಹೋದರು!

ಇಳಿಜಾರೇ ಈ ಓಟದ ನಿಜವಾದ ಪರೀಕ್ಷೆ. ಓಟ ನಡೆಯುವ ಜೂನ್‌ನಲ್ಲಿ ಆ ಕರಾವಳಿಯಲ್ಲಿ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಆದರೂ ನೆಲ ಒದ್ದೆ. ಕಡಲಿನಿಂದ ಏರಿ ಬರುವ ಮಂಜು ರೆಡ್‌ವುಡ್ ಮರಗಳ ಸೂಜಿಯೆಲೆಗಳಲ್ಲಿ ಕೂತು ಹನಿಹನಿಯಾಗಿ ಉದುರುತ್ತದೆ. ಹಾಗಾಗಿ ಬೇರುಗಳು ಜಾರುತ್ತವೆ, ಸ್ಟೀಪ್ ರವೀನ್ ಕಮರಿಯ ಮರದ ಮೆಟ್ಟಿಲುಗಳೂ ಜಾರುತ್ತವೆ. ಒಂದು ಮೆಟ್ಟಿಲಿನ ಎತ್ತರ ಇನ್ನೊಂದಕ್ಕಿಲ್ಲ. ಕಾಲಬುಡ ನೋಡುತ್ತ ಇಳಿದರೆ ಪ್ರತಿ ಹೆಜ್ಜೆಯೂ ತಡ. ಮೂರು ನಾಲ್ಕು ಹೆಜ್ಜೆ ಮುಂದೆ ಕಣ್ಣಿಟ್ಟು, ಹೆಜ್ಜೆ ಗಿಡ್ಡ ಮಾಡಿ, ತೋಳುಗಳನ್ನು ಅಗಲಕ್ಕೆ ಬಿಟ್ಟರೆ ಮೈ ತಾನೇ ಸಮತೋಲ ಕಾಯ್ದುಕೊಳ್ಳುತ್ತದೆ. ಬೆಳ್ಳಿಗೂದಲಿನಾಕೆ ಇಳಿದದ್ದು ಹಾಗೆಯೇ. ಇಳಿಯುವಾಗ ತೊಡೆಯ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯಬೇಕು. ಮೂರು ದಿನ ಮೆಟ್ಟಿಲಿಳಿಯಲಾಗದ ನೋವು ಬರುವುದು ಅದರಿಂದ. ಸ್ಪರ್ಧೆಗೆ ಕೆಲವು ವಾರ ಮುಂಚೆ ಒಮ್ಮೆ ಜೋರಾಗಿ ಇಳಿದು ಆ ನೋವು ಉಂಡುಬಿಟ್ಟರೆ, ಮುಂದಿನ ಸಲ ಅದೇ ಸ್ನಾಯು ಅಷ್ಟು ಹಾಳಾಗುವುದಿಲ್ಲ. ಹತ್ತುವ ಅಭ್ಯಾಸ ಎಲ್ಲರೂ ಮಾಡುತ್ತಾರೆ. ಇಳಿಯುವುದನ್ನೂ ಅಭ್ಯಾಸ ಮಾಡಬೇಕು ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ದಾರಿಬದಿಯ ಪಾಯ್ಸನ್ ಓಕ್ ಬಗ್ಗೆಯೂ ಒಂದು ಮಾತು. ಮೂರೆಲೆಯ ಈ ಗಿಡ ನಮ್ಮ ಗೇರು, ಮಾವಿನ ಕುಟುಂಬದ್ದು; ಸೋಕಿದರೆ ಮೈಯೆಲ್ಲ ತುರಿಕೆ, ಬೊಬ್ಬೆ. ಓಟ ಮುಗಿದ ಕೂಡಲೇ ಸೋಪು ಹಚ್ಚಿ ತೊಳೆಯಬೇಕು.

ಕೊನೆಯ ಭಾಗದಲ್ಲಿ ಗಾಳಿ, ಬಯಲು, ದೂರದಲ್ಲಿ ನೀರು. ಅಷ್ಟರಲ್ಲಿ ಬೆನ್ನ ಹಿಂದಿನಿಂದ ಹುಡುಗರು ಬರುತ್ತಲೇ ಇರುತ್ತಾರೆ. ದಾಟಿ ಹೋಗುವ ಪ್ರತಿಯೊಬ್ಬರೂ ಒಂದು ಒಳ್ಳೆಯ ಮಾತು ಆಡಿಯೇ ಹೋಗುತ್ತಾರೆ. ನನ್ನ ವಯಸ್ಸಿನವಳ ಜೊತೆ ಇಪ್ಪತ್ತೈದರ ಯುವಕ ಮನಸಾರೆ ಸ್ಪರ್ಧಿಸುವುದನ್ನು ನಾನು ಬೇರೆಲ್ಲೂ ಕಂಡಿಲ್ಲ. ವಯೋಮಾನದ ಪ್ರಕಾರ ಪ್ರತ್ಯೇಕ ಪದಕ ಕೊಡುವ ಓಟಗಳಲ್ಲಿ ನಾವು ಒಬ್ಬರಿಗೊಬ್ಬರು ಕಾಣುವುದೇ ಇಲ್ಲ.

ಗೋಕರ್ಣದಲ್ಲಿ ಕುಡ್ಲೆಯಿಂದ ಓಂ ಬೀಚ್, ಹಾಫ್ ಮೂನ್ ದಾಟಿ ಪ್ಯಾರಡೈಸ್‌ವರೆಗೆ ಗುಡ್ಡ ಹತ್ತಿಳಿಯುವ ಕಾಲುದಾರಿಯಿದೆ. ರಜೆಗೆ ಬಂದಾಗ ಅಲ್ಲಿ ನಡೆಯುತ್ತ ಪ್ರತಿಸಲವೂ ಅನಿಸುತ್ತದೆ, ಇಲ್ಲಿ ಇಂಥದೊಂದು ಓಟ ಆಗಬೇಕು. ದಾರಿ ಇಕ್ಕಟ್ಟು ಎನ್ನುವವರಿದ್ದಾರೆ. ನಿಮಿಷಕ್ಕೆ ಹತ್ತು ಮಂದಿಯಂತೆ ಬಿಟ್ಟರೆ ಆ ಇಕ್ಕಟ್ಟಿಗೂ ಅದೇ ಪರಿಹಾರ. ಮೊದಲ ಗುಂಪಿನಲ್ಲಿ ಗೋಕರ್ಣದ ಎಪ್ಪತ್ತು ದಾಟಿದ ಅಜ್ಜಿಯಂದಿರೂ ಶಾಲೆಯ ಮಕ್ಕಳೂ ನಿಲ್ಲಲಿ.